ನೀಲಿ ಗೌನಿನ ಪ್ರಾರ್ಥನೆ

"ನನ್ನ ಶರ್ಟಿಗೆ ಯಾಕ್ರೀ ಬೈತಿದೀರಾ?"

ಇಸ್ತ್ರಿ ಮಾಡುತ್ತಿದ್ದವಳು ಬೆಚ್ಚಿ ತಲೆಯೆತ್ತಿದಳು. ಬಸ್ ಡ್ರೈವರು ಬೆಂಚಿನ ಮೇಲೆ ಕೂತು ಅವಳ ತುಟಿಗಳನ್ನೇ ನೋಡುತ್ತಿದ್ದ. ಪ್ರತಿ ಸೋಮವಾರ ರಜೆಯ ದಿನ ಐದು ಯೂನಿಫಾರ್ಮ್ ಶರ್ಟು, ಒಂದು ನೀಲಿ ಗೌನು ತಂದುಕೊಟ್ಟು, ಮುಗಿಯುವವರೆಗೂ ಅಲ್ಲೇ ಕೂರುತ್ತಿದ್ದವನು. ಎರಡು ವರ್ಷದಲ್ಲಿ ಅವನು ಆಡಿದ ಅತಿ ಉದ್ದದ ಮಾತು ಇದು.

"ಅಯ್ಯೋ, ಬೈತಿಲ್ಲ. ಪ್ರಾರ್ಥನೆ."

"ಶರ್ಟಿಗಾ?"

"ಶರ್ಟೊಳಗೆ ಇರೋರಿಗೆ." ಅವಳ ಕೆನ್ನೆ ಬಿಸಿಯಾಯಿತು. ಹಬೆಯಿಂದ ಅಂತ ಅವನು ಅಂದುಕೊಳ್ಳಲಿ ಎಂದು ಇಸ್ತ್ರಿಪೆಟ್ಟಿಗೆಯನ್ನು ಒಂದು ಸಲ ಬುಸ್ಸೆನಿಸಿದಳು.

ಅದು ಅವಳ ಪದ್ಧತಿ. ಕಾಲರಿನಿಂದ ಶುರು, ಅಂಚಿಗೆ ಬಂದಾಗ ಆಮೆನ್. ಡಾಕ್ಟರ ಕೋಟಿಗೆ ಕೈ ನಡುಗದಿರಲಿ ಅಂತ, ಟೀಚರ ಬಟ್ಟೆಗೆ ತಾಳ್ಮೆ ಸಿಗಲಿ ಅಂತ. ಭಾನುವಾರ ಚರ್ಚಿನಲ್ಲಿ ಎಷ್ಟೋ ಸಲ ಅವಳಿಗೆ ಆಕಳಿಕೆ ಬಂದದ್ದುಂಟು, ಈ ಮೇಜಿನ ಮುಂದೆ ಒಂದು ದಿನವೂ ಬಂದಿಲ್ಲ. ಸುಕ್ಕು ಹೋದ ಬಟ್ಟೆಯನ್ನು ಮಡಿಸಿ ಇಡುವಾಗ, ಯೇಸುಸ್ವಾಮಿ ಪಕ್ಕದಲ್ಲೇ ನಿಂತು ಮುಂದಿನದನ್ನು ಎತ್ತಿಕೊಡುತ್ತಿದ್ದಾನೆ ಅನ್ನಿಸುತ್ತಿತ್ತು. ಮೂವತ್ತೆಂಟು ವರ್ಷದ ಒಂಟಿ ಹೆಣ್ಣಿಗೆ ಇದಕ್ಕಿಂತ ಹೆಚ್ಚಿನ ಸಂತೋಷ ಬೇಕು ಅಂತ ಅವಳಿಗೆ ಅನ್ನಿಸಿರಲಿಲ್ಲ.

"ನನಗೇನು ಕೇಳ್ತೀರಿ?"

"ಬ್ರೇಕು ಹಿಡೀಲಿ ಅಂತ."

ಅವನು ಜೋರಾಗಿ ನಕ್ಕ. "ಅದಕ್ಕೇನಾ! ಎರಡು ವರ್ಷದಿಂದ ನನ್ನ ಬಸ್ಸಿಗೆ ಒಂದು ಗೀರೂ ಬಿದ್ದಿಲ್ಲ. ಡಿಪೋದಲ್ಲಿ ನಾನೇ ಶೂರ ಅಂತ ಮೆರೀತಿದ್ದೆ." ನಗು ಇಳಿದ ಮೇಲೆ ಮೆಲ್ಲಗೆ ಕೇಳಿದ, "ಆ ಗೌನಿಗೆ?"

"ಅದನ್ನ ಹಾಕ್ಕೊಳ್ಳೋರು ನಿಮ್ಮ ಜೊತೆ ನೂರು ಕಾಲ ಬಾಳಲಿ ಅಂತ."

ಅವನ ಮುಖ ಸಪ್ಪಗಾಯಿತು. ಗಂಟು ಎತ್ತಿಕೊಂಡು ಹೊರಟೇಹೋದ.

ಮುಂದಿನ ಸೋಮವಾರ ಅವನು ಬರಲಿಲ್ಲ. ಅದರ ಮುಂದಿನ ವಾರವೂ ಇಲ್ಲ. ಮೂರನೆಯ ಸೋಮವಾರ ಬಂದ, ಗೌನಿಲ್ಲದೆ. ಬೆಂಚಿನ ಮೇಲೆ ಕೂರದೆ ಮೇಜಿನ ಎದುರೇ ನಿಂತ.

"ಅದನ್ನ ಹಾಕ್ಕೊಳ್ಳೋರು ಇಲ್ಲ ಕಣ್ರೀ. ತೀರ್ಕೊಂಡು ಮೂರು ವರ್ಷ ಆಯ್ತು. ಬೀರುವಿನಲ್ಲಿ ಸುಕ್ಕಾಗುತ್ತೆ ಅಂತ ತರ್ತಿದ್ದೆ." ಶರ್ಟಿನ ಗುಂಡಿ ತಿರುಗಿಸುತ್ತ ಮುಂದುವರಿಸಿದ, "ಆಮೇಲಾಮೇಲೆ, ಅದರ ನೆರಿಗೆ ಬಿಡಿಸೋಕೆ ನಿಮಗೆ ಜಾಸ್ತಿ ಹೊತ್ತು ಬೇಕಲ್ಲ, ಅದಕ್ಕೇ ತರ್ತಿದ್ದೆ. ಇನ್ನು ನೆಪ ಬೇಡ ಅಂತ ಇವತ್ತು ಬಿಟ್ಟು ಬಂದೆ. ನನ್ನ ಮದುವೆ ಆಗ್ತೀರಾ?"

ಉತ್ತರ ಅವಳಿಗೆ ಆ ಕ್ಷಣವೇ ಬಂತು. ಎದೆಯೊಳಗೆ ಯಾರೋ 'ಹೂಂ ಅನ್ನು' ಎಂದಷ್ಟು ಸ್ಪಷ್ಟವಾಗಿ. ಆದರೆ ಬಾಯಿಂದ ಬಂದದ್ದೇ ಬೇರೆ.

"ಪ್ರಾರ್ಥನೆ ಮಾಡಿ ಹೇಳ್ತೀನಿ."

"ಎಷ್ಟು ದಿನ ಬೇಕು?"

"ದೇವರಿಗೆ ಗಡುವು ಕೊಡೋಕಾಗುತ್ತಾ?"

ಅವನು ನಂಬಿದ. ದಿನಕ್ಕೆ ಎಂಬತ್ತು ಬಟ್ಟೆಗೆ ಎಂಬತ್ತು ಪ್ರಾರ್ಥನೆ ಹೇಳುವವಳನ್ನು ಯಾರು ತಾನೇ ನಂಬುವುದಿಲ್ಲ?

ನಿಜ ಏನೆಂದರೆ ಅವಳಿಗೆ ಹೆದರಿಕೆ. ಈ ಮೇಜಿನ ಮುಂದೆ ಅವಳ ಕೈ ತಪ್ಪಿದ್ದಿಲ್ಲ. ಸತ್ತವಳ ಮನೆಗೆ ಹೋಗಿ, ಸತ್ತವಳ ಒಲೆ ಹಚ್ಚಿ, ಅಲ್ಲಿ ತಪ್ಪಿದರೆ? ಇಲ್ಲಿರುವ ನೆಮ್ಮದಿಯೂ ಹೋಗಿ, ಅಲ್ಲಿಯದೂ ಸಿಗದೆ ಹೋದರೆ? ಇಸ್ತ್ರಿ ಮೇಜು ಅವಳಿಗೆ ದೇವರು ಕೊಟ್ಟ ಜಾಗ, ಸರಿ. ಅದರ ಹಿಂದೆ ಅಡಗಿಕೊಂಡವಳು ಮಾತ್ರ ಅವಳೇ.

ಪ್ರತಿ ಸೋಮವಾರ ಅವನು ಹುಬ್ಬು ಕುಣಿಸಿ ಕೇಳುತ್ತಿದ್ದ, "ಮೇಲಿಂದ ಏನಾದ್ರೂ ಸುದ್ದಿ?"

"ಇನ್ನೂ ಇಲ್ಲ."

"ಅಲ್ಲಿ ನೆಟ್‌ವರ್ಕ್ ಬಿಜಿ ಇರ್ಬೇಕು ಬಿಡಿ." ಹಾಗೆಂದು ಕಣ್ಣಂಚಿನಲ್ಲೇ ನಗುತ್ತಿದ್ದ. ಅವಳೂ ನಗುತ್ತಿದ್ದಳು. ಅವನ ಐದು ಶರ್ಟುಗಳಿಗೆ ಗೌನಿಗಾಗುವಷ್ಟು ಹೊತ್ತು ತೆಗೆದುಕೊಳ್ಳುತ್ತಿದ್ದಳು. ಅದು ಅವಳ ಬದುಕಿನ ಅತಿ ಚೆಂದದ ವರ್ಷ ಎಂದು ಗೊತ್ತಾದದ್ದು ಆಮೇಲೆ.

ಅಂಗಡಿಯ ಒಡತಿ ಅವಳ ಚಿಕ್ಕಮ್ಮ. ಒಗೆಯುವ ಮೆಷಿನ್ನಿನ ಪಕ್ಕ ಕೂತು ಎಲ್ಲ ನೋಡುತ್ತಿದ್ದವಳು ಒಂದು ದಿನ ತಡೆಯಲಾರದೆ ಅಂದುಬಿಟ್ಟಳು, "ದೇವರು ವರ ಕೊಟ್ಟರೂ ಪೂಜಾರಿ ಕೊಡಲಿಲ್ಲವಂತೆ. ನೀನು ಆ ಪೂಜಾರಿ ಕಣೇ."

"ಸುಮ್ನಿರಿ ಚಿಕ್ಕಮ್ಮ. ದೇವರ ಸಮಯ ಬರ್ಬೇಕು."

"ದೇವರ ಸಮಯ ಬಂದು, ಕಾದು ಕಾದು, ಬೆಂಚಿನ ಮೇಲೆ ತೂಕಡಿಸ್ತಿದೆ ನೋಡು."

ಹನ್ನೊಂದು ತಿಂಗಳು ಹೀಗೇ ಕಳೆಯಿತು. ನಗು ಮೊದಲು ಅವನ ಕಣ್ಣಂಚಿನಿಂದ ಹೋಯಿತು, ಆಮೇಲೆ ಪ್ರಶ್ನೆಯೇ ನಿಂತಿತು. ಮದುವೆ ಕೇಳಿದ ಮೇಲೆ ಅವನು ಅವಳ ಚರ್ಚಿಗೂ ಬರತೊಡಗಿದ್ದ; ಅಲ್ಲಿ ಅವನು ಕೂರುತ್ತಿದ್ದ ಜಾಗವೂ ಖಾಲಿಯಾಯಿತು. ಅವಳು ಅದನ್ನು ಕಂಡೂ, ಭಾನುವಾರದ ಡ್ಯೂಟಿ ಇರಬೇಕು ಅಂದುಕೊಂಡಳು.

ಒಂದು ಸೋಮವಾರ ಅವನು ತಂದ ಗಂಟಿನಲ್ಲಿ ಶರ್ಟುಗಳ ಅಡಿಯಲ್ಲಿ ನೀಲಿ ಗೌನು ಇತ್ತು. ನೆಪ ಮರಳಿ ಬಂತು, ಇವತ್ತು ಹೇಳಿಬಿಡುತ್ತೇನೆ, ಈಗಲೇ, ಈ ಗೌನು ಮುಗಿಯುವುದರೊಳಗೆ ಎಂದುಕೊಂಡು ಅದನ್ನು ಮೇಜಿನ ಮೇಲೆ ಹರಡಿದಳು.

ಕೈಗೆ ಅದರ ಪ್ರತಿ ಹೊಲಿಗೆಯೂ ಗೊತ್ತಿತ್ತು. ಆದ್ದರಿಂದ ಕಣ್ಣಿಗಿಂತ ಮೊದಲು ಕೈಗೇ ತಿಳಿಯಿತು. ಸೊಂಟದ ಎರಡೂ ಪಕ್ಕ ಬಿಚ್ಚಿ, ಎರಡು ಬೆರಳು ಅಗಲ ಮಾಡಿ, ಹೊಸ ದಾರದಲ್ಲಿ ಹೊಲಿದಿದ್ದರು. ಯಾರದೋ ಅಳತೆಗೆ.

"ಯಾರು?" ಅಂದಳು.

"ನಮ್ಮ ಬೀದಿ ಟೈಲರಮ್ಮ." ಅವನು ನೆಲ ನೋಡುತ್ತಿದ್ದ. "ಪರದೆ ಅಳತೆಗೆ ಮನೆಗೆ ಬಂದವರು ಬೀರುವಿನಲ್ಲಿ ಇದನ್ನ ನೋಡಿ, ಸುಮ್ನೆ ಯಾಕೆ ಕೊಳೆಯಬೇಕು, ನನ್ನ ಅಳತೆಗೆ ಮಾಡ್ಕೋತೀನಿ ಅಂದ್ರು. ನಾನು ಮದುವೆ ಆಗ್ತೀರಾ ಅಂತ ಕೇಳಿದೆ. ಅಲ್ಲೇ ಹೂಂ ಅಂದ್ರು. ಶನಿವಾರ ಮದುವೆ, ರಿಜಿಸ್ಟರ್ ಆಫೀಸಿನಲ್ಲಿ."

"ಚರ್ಚಿನಲ್ಲಿ ಯಾಕಲ್ಲ?"

"ಹನ್ನೊಂದು ತಿಂಗಳು ನನಗೆ ಒಂದು ಹೌದೋ ಅಲ್ಲವೋ ಹೇಳದ ದೇವರ ಮನೆಗೆ ಯಾವ ಮುಖ ಇಟ್ಕೊಂಡು ಹೋಗ್ಲಿ?"

ಇಸ್ತ್ರಿಪೆಟ್ಟಿಗೆ ಗೌನಿನ ಮೇಲೆ ನಿಂತಿತ್ತು. ಇನ್ನೊಂದು ಉಸಿರಿನಷ್ಟು ಹೊತ್ತು ಬಿಟ್ಟಿದ್ದರೆ ಸೊಂಟದ ಹತ್ತಿರ ಕಂದು ಗುರುತು ಕೂರುತ್ತಿತ್ತು. ಹಾಗೇ ಬಿಡಬೇಕು ಅಂತ ಅವಳಿಗೆ ಅನ್ನಿಸಲಿಲ್ಲ ಅನ್ನುವುದು ಸುಳ್ಳು. ಎತ್ತಿ ನಿಲ್ಲಿಸಿದಳು.

"ದೇವರು ಹೇಳಿದ್ದ," ಅಂದಳು. "ನೀವು ಕೇಳಿದ ದಿನವೇ ಹೇಳಿದ್ದ. ಹೂಂ ಅನ್ನು ಅಂತ. ಹೆದರಿ ಮುಚ್ಚಿಟ್ಟವಳು ನಾನು."

ಅವನು ತಲೆಯೆತ್ತಿದ. ಎಷ್ಟೋ ತಿಂಗಳ ಮೇಲೆ ಅವಳನ್ನು ನೇರವಾಗಿ ನೋಡಿದ. "ಇದನ್ನ ಈಗ ಹೇಳ್ತೀರಲ್ಲ."

"ನಿಮ್ಮನ್ನ ವಾಪಸ್ ಕರೆಯೋಕಲ್ಲ. ದೇವರ ಮೇಲೆ ನಿಮಗಿರೋ ಕೋಪ ನನಗೆ ಸೇರಬೇಕಾದ್ದು. ಅದನ್ನ ಇಲ್ಲೇ ಕೊಟ್ಟು ಹೋಗಿ. ಅವನ ಹೆಸರಿನಲ್ಲಿ ಸುಳ್ಳು ಹೇಳಿದ್ದೀನಿ, ಅಷ್ಟನ್ನಾದರೂ ತೀರಿಸ್ತೀನಿ."

ಅವನು ತಲೆಯಾಡಿಸಿದ. "ನಾನೂ ನಿಮ್ಮನ್ನ ಇಷ್ಟಪಟ್ಟಿದ್ದೆ ಕಣ್ರೀ, ತುಂಬಾ," ಅಂದು ಬೆಂಚಿನ ಮೇಲೆ ಹೋಗಿ ಕೂತ.

ಅವಳು ಗೌನನ್ನು ಕಾಲರಿನಿಂದ ಮತ್ತೆ ಶುರುಮಾಡಿದಳು. ನೆರಿಗೆಗಳನ್ನು ಒಂದೊಂದಾಗಿ ಬಿಡಿಸಿದಳು. ತುಟಿ ಅಲುಗಿತು. ಈ ಸಲ ಅವನು ನೋಡಲಿಲ್ಲ. ಅಂಚಿಗೆ ಬರುವಷ್ಟರಲ್ಲಿ ಗೌನಿನ ಮೇಲೆ ಎರಡು ಹನಿ ಬಿದ್ದವು, ಅವುಗಳ ಮೇಲೇ ಇಸ್ತ್ರಿಪೆಟ್ಟಿಗೆ ಎಳೆದು ಆಮೆನ್ ಅಂದಳು.

ಅವನು ಹೋದ ಮೇಲೆ ಚಿಕ್ಕಮ್ಮ ಹತ್ತಿರ ಬಂದು ಅವಳ ಬೆನ್ನಿನ ಮೇಲೆ ಕೈಯಿಟ್ಟಳು. ಗಾದೆ ಯಾವುದೂ ಹೇಳಲಿಲ್ಲ.

"ಆ ಗೌನಿಗೆ ಏನು ಕೇಳಿದೆ ಮಗಳೇ?"

"ಮೊದಲಿಂದ ಕೇಳ್ತಿದ್ದದ್ದೇ ಚಿಕ್ಕಮ್ಮ. ಅದನ್ನ ಹಾಕ್ಕೊಳ್ಳೋರು ಅವರ ಜೊತೆ ನೂರು ಕಾಲ ಬಾಳಲಿ ಅಂತ." ರಾಶಿಯಿಂದ ಮುಂದಿನ ಬಟ್ಟೆಯನ್ನು ಎಳೆದುಕೊಂಡು ಕಾಲರು ಬಿಡಿಸಿದಳು. "ಎರಡು ವರ್ಷ ಕೇಳಿದ್ದೆ, ಇವತ್ತೂ ಕೇಳಿದೆ. ದೇವರು ಕೊಟ್ಟುಬಿಟ್ಟ."