ನಿನ್ನ ಎದುರು ಸೋಲುವ ಭಯ

“ಗಂಡಸಿಗೂ ಅಳುವ ಹಕ್ಕಿದೆ. ಅದನ್ನು ಅವನಿಗೆ ತಂದುಕೊಟ್ಟದ್ದು ಸ್ತ್ರೀವಾದ,” ಎಂದು ವೇದಿಕೆಯ ಮೇಲಿದ್ದ ಸಂಶೋಧಕ ಮಾತು ಮುಗಿಸಿದ.

ಕೊನೆಯ ಸಾಲಿನಿಂದ ಒಬ್ಬ ಸಂಶೋಧಕಿಯ ಕೈ ಮೇಲೆದ್ದಿತು. ಗೆಳತಿಯರು ಅವಳನ್ನು ಬೆಂಕಿಪೊಟ್ಟಣ ಎಂದು ಕರೆಯುತ್ತಿದ್ದುದು ಸುಮ್ಮನಲ್ಲ!

“ಚೆನ್ನಾಗಿ ಹೇಳಿದ್ರಿ ಸರ್. ನೀವು ಕೊನೇ ಸಲ ಅತ್ತಿದ್ದು ಯಾವಾಗ?”

ಸಭೆ ಗೊಳ್ಳೆಂದು ನಕ್ಕಿತು. ಅವನು ನಗಲಿಲ್ಲ. ಕೈಯಲ್ಲಿದ್ದ ನೀರಿನ ಲೋಟ ಕೆಳಗಿಟ್ಟು, “ನೆನಪಿಲ್ಲ,” ಎಂದ. ಆ ಉತ್ತರಕ್ಕೇ ಅವಳು ಮನಸೋತಳು ನೋಡಿ...

ಆಮೇಲೆ ಗ್ರಂಥಾಲಯದ ಒಂದೇ ಟೇಬಲ್ಲಿನ ಆಚೆ ಈಚೆ ಕೂತು ಅವಳು ಹೆಂಗಸರ ಬಗ್ಗೆ, ಅವನು ಗಂಡಸರ ಬಗ್ಗೆ ಓದಿದರು. ಜಗಳವಾಡಿದರು. ಒಂದೇ ಲೋಟದ ಟೀ ಹಂಚಿಕೊಂಡರು. ಅಷ್ಟರಲ್ಲಿ ವಿಶ್ವವಿದ್ಯಾಲಯದ ಅವರ ವಿಭಾಗದಲ್ಲಿ ಒಂದೇ ಒಂದು ಅಧ್ಯಾಪಕ ಹುದ್ದೆ ಖಾಲಿಯಾಯಿತು. ಇಬ್ಬರೂ ಅರ್ಜಿ ಹಾಕಿದರು.

ಸಂದರ್ಶನದ ದಿನ ಅವಳು ತನ್ನ ಸರದಿ ಮುಗಿಸಿ ಹೊರಬಂದಾಗ ಅವನ ಕುರ್ಚಿ ಖಾಲಿ!

“ಆ ಸರ್ ಒಳಗೆ ಬರಲ್ವಂತೆ ಮೇಡಂ,” ಬಾಗಿಲಲ್ಲಿದ್ದ ಜವಾನ ಪಿಸುಗುಟ್ಟಿದ. “ಕೆಲಸ ನಿಮಗೇ ಸಿಗಲಿ ಅಂದ್ರು. ಎಂಥಾ ದೊಡ್ಡ ಮನಸ್ಸು!”

ಅವಳು ಆ ಖಾಲಿ ಕುರ್ಚಿಯನ್ನು ದಿಟ್ಟಿಸಿದಳು. ನನ್ನನ್ನು ಒಂದು ಮಾತು ಕೇಳಲಿಲ್ಲವೇ... ಇಷ್ಟು ಓದಿದವನ ಕಣ್ಣಿಗೂ ನಾನು ಭಿಕ್ಷೆ ಬೇಡುವವಳೇ?

“ಅವರು ಬರಲ್ಲ ಅಂತ ಒಳಗೆ ಈಗಲೇ ಹೇಳ್ಬೇಡಿ ಅಣ್ಣಾ, ನಿಮ್ಮ ದಮ್ಮಯ್ಯ!” ಎಂದು ಅವಳು ಮೆಟ್ಟಿಲ ಕಡೆ ಓಡಿದಳು.

ಮೆಟ್ಟಿಲ ತಿರುವಿನಲ್ಲಿ ಅವನು ಗೋಡೆಗೆ ಒರಗಿ ನಿಂತಿದ್ದ.

“ಏನು ತ್ಯಾಗಮೂರ್ತಿಗಳು ಇಲ್ಲಿ?” ಅವಳ ದನಿ ಒಡೆಯಿತು. “ನಾನು ನಿನ್ನ ಗೆಲ್ಲಲಾರೆ ಅಂತ ನೀನೇ ತೀರ್ಮಾನ ಮಾಡ್ಬಿಟ್ಯಾ?”

“ನಿನ್ನ ಒಳ್ಳೇದಕ್ಕೇ ಕಣೇ...”

“ಹಾಗಂದ್ಕೊಂಡೇ ನಮ್ಮಪ್ಪ ನಮ್ಮಮ್ಮನ ಬದುಕನ್ನೆಲ್ಲ ತಾವೇ ತೀರ್ಮಾನ ಮಾಡಿದ್ದು! ಕೈ ಮುಗೀತೀನಿ, ಒಳಗೆ ಹೋಗು. ಇಲ್ಲಾಂದ್ರೆ ಈ ಕೆಲಸಾನೂ ಬೇಡ, ನೀನೂ ಬೇಡ.”

ಅವಳು ಬೆನ್ನು ತಿರುಗಿಸಿ ಒಂದು ಮೆಟ್ಟಿಲು ಇಳಿದಳು. ಇನ್ನೊಂದು ಇಳಿದಳು... ದೇವರೇ, ಇವನು ಸುಮ್ಮನೇ ಇದ್ದುಬಿಟ್ಟರೆ!

“ಸುಳ್ಳು!” ಅವನು ಹಿಂದಿನಿಂದ ಕೂಗಿದ. “ತ್ಯಾಗ ಅನ್ನೋದೆಲ್ಲ ಸುಳ್ಳು. ನನಗೆ ಭಯ ಕಣೇ. ನಿನ್ನ ಎದುರು ಸೋತು, ನಿನ್ನ ಮೇಲೇ ಹೊಟ್ಟೆ ಉರಿದ್ರೆ... ಆಮೇಲೆ ನಿನ್ನ ಮುಖ ಹೇಗೆ ನೋಡ್ಲಿ? ಬೇರೆ ಗಂಡಸರ ಬಗ್ಗೆ ನಾನು ಬರೆದಿದ್ದೆಲ್ಲ ನನ್ನೊಳಗೇ ಕೂತಿದೆ!”

ಅವನ ಕೆನ್ನೆ ಒದ್ದೆಯಾಗಿತ್ತು. ಅವಳು ಮೆಟ್ಟಿಲು ಹತ್ತಿ ಬಂದು ಅಂಗೈಯಿಂದ ಒರೆಸಿದಳು.

“ಉರೀಲಿ ಬಿಡು. ಉರಿದಾಗ ನನ್ನ ಹತ್ರಾನೇ ಹೇಳು. ನನಗೇನು ಉರಿಯಲ್ವಾ?”

“ಸಾರ್, ನಿಮ್ಮನ್ನ ಕರೀತಿದಾರೆ!” ಮೇಲಿನಿಂದ ಜವಾನ ಕೂಗಿದ.

“ನಾನು ಗೆದ್ರೆ?” ಅವನು ಕೇಳಿದ.

“ಒಂದು ವಾರ ಜಗಳ. ಟೀ ನೀನೇ ಮಾಡ್ಬೇಕು.”

“ಸೋತ್ರೆ?”

“ಆಗಲೂ ನೀನೇ!”

ಅವನು ಅಳುತ್ತಲೇ ನಕ್ಕ. ಅರ್ಧ ಮೆಟ್ಟಿಲುಗಳನ್ನು ಹತ್ತಿ ತಿರುಗಿದ.

“ಇಲ್ಲೇ ಇರ್ತೀಯಾ?”

“ಇಲ್ಲೇ ಇರ್ತೀನಿ ಕಣೋ... ಹೋಗು.”