ವಿಭೂತಿ ಹಚ್ಚಿದ ಶೀಶೆ

ಸಂಡೂರಿನ ಆ ಲ್ಯಾಬಿಗೆ ಹನ್ನೊಂದು ಮೆಟ್ಟಿಲು. ರೇವಣಸಿದ್ದ ಐದನೆಯದರ ಮೇಲೆ ಕುಳಿತುಬಿಟ್ಟ. ಮಡಿಲಲ್ಲಿ ಥರ್ಮಾಕೋಲಿನ ಡಬ್ಬಿ. ಅದಿರಿನ ಕೆಂಪು ಧೂಳು ಡಬ್ಬಿಯ ಮೇಲೂ ಇತ್ತು, ಅವನ ರೆಪ್ಪೆಯ ಮೇಲೂ.

ಶೈಲಜಾ ಇಳಿದು ಬಂದಳು. ಕಾಲು ತುಸು ಎಳೆಯುತ್ತಿದ್ದಳು.

"ನಿನ್ನೇನ ಬರ್ತೀನಿ ಅಂದಿದ್ರಿ."

"ಲಾರಿ ನಿಂತು ರೋಡ್ ಬಂದ್ ಆಗಿತ್ರಿ. ಹೊಸಪೇಟಿ ಕೊರಿಯರ್‌ನಾಗ ಇಸ್ಕೊಂಡು ಡ್ಯಾಮಿನ ಹತ್ರ ನಮ್ಮ ಮನಿ ಫ್ರಿಜ್‌ನ್ಯಾಗ ಇಟ್ಟಿದ್ದೆ. ನಿಮ್ಮ ಕಾಲಿಗೇನಾತು?"

"ಸ್ಕೂಟಿ ಮ್ಯಾಲಿಂದ ಬಿದ್ದೆ."

"ಯಾವ ತಗ್ಗಿನ್ಯಾಗ?"

"ಸಂಡೂರಾಗ ತಗ್ಗಿಗೆ ಹೆಸರಿಡ್ತಾರೇನ್ರಿ?"

ಅವಳು ನಕ್ಕಳು. ಕಣ್ಣು ಮಾತ್ರ ಡಬ್ಬಿಯ ಮೇಲೆಯೇ ಇತ್ತು.

ಒಂದು ವರ್ಷದ ಹಿಂದೆ, ಗಣಿ ಕೆಲಸಗಾರರ ರಕ್ತ ಪರೀಕ್ಷೆಗೆಂದು ಈ ಕಂಪ್ಲಿಯ ಹುಡುಗಿ ಅವನ ವೇಬ್ರಿಜ್ಜಿಗೆ ಬಂದಿದ್ದಳು. ಲಾರಿ ತೂಗುವ ಕಟ್ಟೆಯ ಮೇಲೆ ನಿಂತು, "ನನ್ನ ತೂಕ ಎಷ್ಟು ಹೇಳ್ರಿ" ಅಂದಿದ್ದಳು. "ನಿಮ್ಮನ್ನ ನಮ್ಮ ಮಿಷನ್ನು ಲೆಕ್ಕಕ್ಕ ತಗೊಳ್ಳವಲ್ದು" ಅಂದಿದ್ದ ಅವನು. ಸುಳ್ಳು. ಅವನು ಮೀಟರ್ ನೋಡಿರಲೇ ಇಲ್ಲ.

ಈ ಬೇಸಿಗೆಯಲ್ಲಿ ಅವನ ಕೈ ಬಾಚಣಿಕೆಯನ್ನು ತಲೆಗೆ ಮುಟ್ಟಿಸದಾಯಿತು. ಅಣ್ಣ ಕೊಟ್ರಯ್ಯನಿಗೂ ಹೀಗೆಯೇ ಶುರುವಾಗಿತ್ತು. ಇಪ್ಪತ್ತೊಂಬತ್ತಕ್ಕೆ ಹೋದ. ರೇವಣಸಿದ್ದನಿಗೀಗ ಇಪ್ಪತ್ತೆಂಟು.

"ಅಣ್ಣನ ರೋಗ ನನಗೂ ಇದ್ರ ನಿಮ್ಮ ಕೈ ಹಿಡಿಯಂಗಿಲ್ರಿ. ಒಂದು ವರ್ಷದ ಮುತ್ತೈದೆತನ ಕೊಟ್ಟು ಹೋಗೋದು ಪಾಪ," ಅಂದಿದ್ದ ಅವನು, ಮದುವೆಯ ಮಾತು ಬಂದಾಗ.

ಆಗ ಅವಳೇ ತಿಳಿಸಿ ಹೇಳಿದ್ದಳು. ದೇಹದ ಒಂದೊಂದು ಜೀವಕೋಶದಲ್ಲೂ ಸಣ್ಣ ಒಲೆಗಳಿವೆ, ಮೈಟೊಕಾಂಡ್ರಿಯಾ ಅಂತ ಹೆಸರು. ಆ ಒಲೆಯನ್ನು ಉರಿಸುವ ಒಂದು ಕಿಣ್ವ ಕೊಟ್ರಯ್ಯನಲ್ಲಿ ಇರಲಿಲ್ಲ. ಈ ಡಬ್ಬಿಯ ಶೀಶೆಯಲ್ಲಿರುವ, ಹೊಳೆಯುವ ಬಣ್ಣ ಕಟ್ಟಿದ ಆ್ಯಂಟಿಬಾಡಿ ಆ ಕಿಣ್ವವನ್ನೇ ಹುಡುಕಿ ಹೋಗಿ ಅದಕ್ಕೆ ಅಂಟಿಕೊಳ್ಳುತ್ತದೆ. ಸೂಕ್ಷ್ಮದರ್ಶಕದಲ್ಲಿ ಹಸಿರಾಗಿ ಹೊಳೆಯುತ್ತದೆ. ಹೊಳೆದರೆ ಇದು ಅಣ್ಣನ ರೋಗವಲ್ಲ. ಕತ್ತಲೆಯಾದರೆ ಅದೇ. ಬಳ್ಳಾರಿಯ ಡಾಕ್ಟರು ಅವನ ತೊಡೆಯಿಂದ ತೆಗೆದ ಅಕ್ಕಿಕಾಳಿನಷ್ಟು ಸ್ನಾಯುವಿನಲ್ಲಿ ಉಳಿದದ್ದು ಒಂದೇ ಸ್ಲೈಡಿಗೆ ಆಗುವಷ್ಟು.

ಶೈಲಜಾ ಡಬ್ಬಿ ತೆರೆದಳು. ಬೆಳಕು ತಾಗಿದರೆ ಆ ಹೊಳಪು ಸಾಯುತ್ತದೆಂದು ಶೀಶೆಗೆ ಫಾಯಿಲ್ ಸುತ್ತಿತ್ತು. ಫಾಯಿಲಿನ ಮೇಲೆ ವಿಭೂತಿಯ ಮೂರು ಗೆರೆ.

"ಇದಕ್ಕೂ ದೀಕ್ಷೆ ಕೊಡಿಸಿದ್ರೇನು?"

"ನಮ್ಮವ್ವನ ಕೆಲಸ. ಇದರಾಗ ನನ್ನ ಜೀವ ಐತಿ, ಮುಟ್ಟಬ್ಯಾಡ ಅಂದಿದ್ದೆ."

ಇಬ್ಬರೂ ನಕ್ಕರು. ಬಹಳ ದಿನದ ಮೇಲೆ.

ಕೆಂಪು ಬಲ್ಬಿನ ಕತ್ತಲೆ ಕೋಣೆಯಲ್ಲಿ ಅವಳು ಕೆಲಸಕ್ಕೆ ನಿಂತಳು. ಹೊರಗೆ ಬೆಂಚಿನ ಮೇಲೆ ಅವನು ಕಣ್ಣು ಮುಚ್ಚಿದ. ವಿರೂಪಾಕ್ಷಾ, ಹೆಚ್ಚು ಬ್ಯಾಡ. ಒಂದು ಹುಲ್ಲಿನಷ್ಟು ಹಸಿರು ಕೊಡು.

ಎರಡು ತಾಸಿನ ಮೇಲೆ ಬಾಗಿಲು ತೆರೆಯಿತು. ಅವಳು ಕರೆಯಲಿಲ್ಲ. ಅವನೇ ಹೋಗಿ ಕಣ್ಣಿಟ್ಟು ನೋಡಿದ.

ಕತ್ತಲೆ. ಆಳದ ಬಾವಿಯ ಕತ್ತಲೆ.

"ಆತು ಬಿಡ್ರಿ," ಅಂದ. "ಕಂಪ್ಲಿಗೆ ಹೋಗ್ರಿ. ನಿಮ್ಮಪ್ಪ ನೋಡಿದ ವರಕ್ಕ ಹೂಂ ಅನ್ರಿ."

ಬಾಗಿಲ ಕಡೆಗೆ ನಡೆದ. ಮೆಟ್ಟಿಲು ಇಳಿಯಲಾದೀತೇ ಎಂಬುದೊಂದೇ ಚಿಂತೆ.

"ನಿಲ್ರಿ. ಇನ್ನೊಂದು ಸ್ಲೈಡ್ ಐತಿ."

"ನಂದು ಮುಗೀತಲ್ರಿ."

"ನಿಮ್ಮದಲ್ಲ. ಏನೂ ರೋಗ ಇಲ್ಲದವರದು. ಹೋಲಿಸಿ ನೋಡಾಕ ಬೇಕಾಗ್ತದ. ಅದು ಹೊಳೀಲೇಬೇಕು."

ಅವಳು ಸ್ಲೈಡ್ ಬದಲಿಸಿದಳು. ಅವನು ಬಾಗಿದ. ಅದೇ ಬಾವಿ, ಅದೇ ಕತ್ತಲೆ.

"ಇದೂ ಇಲ್ಲ! ಯಾರದಿದು?"

ಅವಳು ತಲೆ ತಗ್ಗಿಸಿದಳು. ಕೈ ತೊಡೆಯ ಮೇಲಿತ್ತು.

"ಸ್ಕೂಟಿ ಮ್ಯಾಲಿಂದ ಬಿದ್ದಿಲ್ರಿ ನಾನು. ಡಾಕ್ಟರು ಬ್ಯಾಡ ಬ್ಯಾಡ ಅಂದ್ರೂ ತೆಗಸಿದೆ."

ಅವನ ಕಣ್ಣು ಅವಳು ಎಳೆಯುತ್ತಿದ್ದ ಕಾಲಿಗೆ ಇಳಿಯಿತು.

"ನನ್ನದೂ ಕತ್ತಲಿ ಅಂದ್ರ ತಪ್ಪು ನಿಮ್ಮ ಮೈಯಾಗಿಲ್ಲ, ಶೀಶೆಯಾಗ ಐತಿ." ಅವಳು ದೀಪ ಹಾಕಿ ಫಾಯಿಲ್ ಬಿಚ್ಚಿದಳು. ಒಳಗಿನ ಗಾಜಿನ ಮೇಲೂ ಮೂರು ಗೆರೆ.

ಅವನು ಮನೆಗೆ ಫೋನ್ ಮಾಡಿದ. ಅವ್ವ ಪಂಪಮ್ಮನದು ಗಟ್ಟಿ ದನಿ.

"ನಿನ್ನ ಜೀವ ಐತಿ ಅಂದ್ಯಲ್ಲೋ! ಮಾರಿ ಮುಚ್ಚಿ ದೇವರ ಮುಂದ ಇಡ್ತಾರೇನ್ಲೇ? ಬಿಚ್ಚಿಟ್ಟು ದೀಪ ಹಚ್ಚಿದೆ. ಜಗಲಿ ಮ್ಯಾಲ ಬಿಸಿಲು ಬಂದಿತ್ತು, ಶಿವನ ಕಣ್ಣು ಬೀಳ್ಲಿ ಅಂತ ಮಧ್ಯಾಹ್ನದ ತನಕ ಬಿಟ್ಟೆ. ಆಮ್ಯಾಲೆ ಮೊದಲಿನಂಗ ಸುತ್ತಿ ಇಟ್ಟೇನಿ. ಯಾಕ, ಫಲ ಸಿಕ್ತಿಲ್ಲೋ?"

ಅವನು ಶೈಲಜಾಳನ್ನು ನೋಡಿದ.

"ಸಿಕ್ತವ್ವಾ," ಅಂದು ಫೋನಿಟ್ಟ.

ಹೊಸ ಶೀಶೆಗೆ ಮೂರು ತಿಂಗಳು. ಮತ್ತೆ ಅವನ ತೊಡೆಗೆ ಸೂಜಿ.

"ಅಲ್ಲೀ ತನಕ ಕಾಯ್ರಿ," ಅಂದ ಅವನು. "ಹಸಿರು ಬಂದ್ರ..."

"ನಾ ಕಾಯಂಗಿಲ್ಲ."

ಅವನು ಖಾಲಿ ಡಬ್ಬಿಗೆ ಕೈ ಹಾಕಿದ.

"ಅಲ್ಲೀ ತನಕ ಕಾದು ಕೈ ಹಿಡದ್ರ ನಾ ಕಿಣ್ವಕ್ಕ ಹೆಂಡ್ತಿ ಆದಂಗ, ನಿನಗಲ್ಲ," ಅಂದಳು. 'ನೀವು' ಎಲ್ಲಿ ಬಿದ್ದುಹೋಯಿತೋ ಇಬ್ಬರಿಗೂ ತಿಳಿಯಲಿಲ್ಲ. "ಒಂದು ವರ್ಷ ಕೊಟ್ರ ಒಂದ. ನಲವತ್ತು ಕೊಟ್ರ ನಲವತ್ತು. ಇವತ್ತು ನೋಡಿದ ಕತ್ತಲಿಯೊಳಗ ನೀನು ಯಾರು, ನಾನು ಯಾರು ಅಂತ ಗುರುತು ಸಿಕ್ತೇನು?"

ಶೀಶೆಯ ವಿಭೂತಿಯನ್ನು ಬೆರಳಿಗೆ ತೆಗೆದುಕೊಂಡು ಅವನ ಹಣೆಗೆ ಎಳೆದಳು.

ಅವನೂ ಶೀಶೆಗೆ ಬೆರಳು ಸವರಿದ. ಕೈ ಎತ್ತಿದ. ಎದೆಯ ಮಟ್ಟಕ್ಕೆ ಬಂದು ನಿಂತಿತು. ಹಲ್ಲು ಕಚ್ಚಿದ. ಇನ್ನೊಂದು ಗೇಣು ದೂರ, ಆಗಲೇ ಇಲ್ಲ.

ಶೈಲಜಾ ಆ ಕೈ ನಿಂತಲ್ಲಿಗೇ ತನ್ನ ಹಣೆಯನ್ನು ತಂದಳು.