ಕೊಕ್ಕರೆ ನಡುಗಡ್ಡೆ

ಹರಿಗೋಲಿನಿಂದ ಇಳಿದ ಹೆಂಗಸಿನ ಕೈಯಲ್ಲಿ ಕತ್ತಿ ಕಂಡು ಉಚ್ಚಂಗಪ್ಪ ಅಡ್ಡ ನಿಂತ. ಸೊರಬದ ಕಡೆಯ ದೊಡ್ಡ ಕೆರೆಯೊಂದರ ನಡುಗಡ್ಡೆಯನ್ನು ಕೊಕ್ಕರೆಗಳಿಗಾಗಿ ರಕ್ಷಿತ ವನ ಮಾಡಿದ ವರ್ಷ ಅದು, ೧೯೫೮. ಶಿಕಾರಿಪುರದ ಅವನು ಅಲ್ಲಿಗೆ ಹೊಸ ಗಾರ್ಡ್.

“ಇಲ್ಲಿ ಮರ ಕಡಿಯಂಗಿಲ್ರೀ.”

“ಮರಕ್ಕಲ್ಲ. ನಮ್ಮವ್ವನ್ನ ಮಣ್ಣು ಮಾಡಿದ ಜಾಗದಲ್ಲಿ ಮುಳ್ಳು ಬೆಳೆದದೆ.”

ಅವಳು ಬಂಗಾರಮ್ಮ. ಅವಳ ಎಳೆ ವಯಸ್ಸಿನಲ್ಲಿ ಊರಿಗೆ ಸಿಡುಬು ಬಂದಾಗ, ಹಾಸಿಗೆ ಹಿಡಿದವರನ್ನೆಲ್ಲ ಊರವರು ಈ ನಡುಗಡ್ಡೆಗೆ ಸಾಗಿಸಿ, ಗಂಜಿಯನ್ನು ನೀರಿನಂಚಿನಲ್ಲಿಟ್ಟು ಹೋಗುತ್ತಿದ್ದರು. ತಿರುಗಿ ಬಂದವಳು ಅವಳೊಬ್ಬಳೇ, ಮುಖದ ತುಂಬ ಕಲೆ ಹೊತ್ತು. ನೋಡಲು ಬಂದ ಗಂಡುಗಳೆಲ್ಲ ಕಾಫಿ ಕುಡಿದು ಎದ್ದುಹೋಗಿದ್ದರು. ಈಗ ಅಣ್ಣನ ಮನೆಯಲ್ಲಿ ದುಡಿದು ದುಡಿದು ದಣಿದಿದ್ದಳು.

ಉಚ್ಚಂಗಪ್ಪ ಕತ್ತಿ ಇಸಿದುಕೊಂಡು ತಾನೇ ಮುಳ್ಳು ಸವರಿದ. ಹೆಂಡತಿ ಸತ್ತ ಮೇಲೆ ಯಾರಿಗಾಗಿಯೂ ಅವನು ಬೆವರು ಸುರಿಸಿರಲಿಲ್ಲ.

ಆಮೇಲೆ ಅವಳು ಆಗಾಗ ಬಂದಳು. ಹೊಳೆಮತ್ತಿಯ ಮರಗಳು ಕೊಕ್ಕರೆಗಳಿಂದ ಬೆಳ್ಳಗಾಗಿರುತ್ತಿದ್ದವು; ನೀರಿನ ಬೆಳಕು ಎಲೆಗಳ ಅಡಿಯಲ್ಲಿ ನಡುಗುತ್ತಿತ್ತು. ಇಬ್ಬರೂ ಬೇರಿನ ಮೇಲೆ ಸುಮ್ಮನೆ ಕೂರುತ್ತಿದ್ದರು.

“ಎಂತ ನೋಡ್ತೀರಿ?” ಒಮ್ಮೆ ಅವಳು ಕೇಳಿದಳು. “ಕಲೆ ಎಣಿಸ್ತಿದೀರಾ?”

“ಇಲ್ರೀ. ಯಾವಾಗ ನಗ್ತೀರಿ ಅಂತ ಕಾಯ್ತಿದೀನಿ.”

ಅವಳು ನೀರಿನತ್ತ ತಿರುಗಿದಳು. ಕೆನ್ನೆ ಮಾತ್ರ ನಗು ಬಚ್ಚಿಡಲಾರದೆ ಹೋಯಿತು.

ಹಕ್ಕಿಗಳು ಗೂಡು ಕಟ್ಟುವ ಹೊತ್ತಿಗೆ ಮೇಲಿನಿಂದ ಆರ್ಡರ್ ಬಂತು: ಹೊರಗಿನವರು ಇನ್ನು ಅಲ್ಲಿ ಕಾಲಿಡುವಂತಿಲ್ಲ. ಅವನು ತಲೆ ತಗ್ಗಿಸಿ ಹೇಳಿದ.

“ಅವತ್ತು ಇಲ್ಲಿಂದ ಬರಬ್ಯಾಡ ಅಂದ್ರು. ಈಗ ಇಲ್ಲಿಗೆ ಬರಬ್ಯಾಡ ಅಂತೀರಿ,” ಎಂದಳು ಬಂಗಾರಮ್ಮ. ಸಿಟ್ಟಾಗುವಷ್ಟು ಶಕ್ತಿಯೂ ಅವಳ ದನಿಯಲ್ಲಿರಲಿಲ್ಲ. “ನಾನು ಎಲ್ಲಿರಬೇಕು ಹೇಳಿ.”

“ನನ್ನ ಜೊತಿ ಇರ್ರಿ. ಗಾರ್ಡಿನ ಮನಿಯೋರು ಹೊರಗಿನೋರಲ್ಲ.”

“ಪಾಪ ಅನ್ನಿಸ್ತಾ?”

“ಪಾಪ ಅನ್ನೋ ತ್ರಾಣ ನನ್ನಲ್ಲೂ ಇಲ್ರೀ. ನೀವು ಬರದ ದಿನ ಉಣ್ಣಾಕೆ ಮನಸ್ಸಾಗಲ್ಲ. ಅಷ್ಟೇ.”

ಅವಳು ಮರಗಳ ನಡುವಿನ ಅವನ ಗುಡಿಸಲನ್ನು ನೋಡಿದಳು. “ರಾತ್ರಿ ಇಲ್ಲಿ ಮಲಗಾಕೆ ನನ್ನಿಂದಾಗಲ್ಲ. ಅವ್ವ ನರಳಿದ್ದು ಇನ್ನೂ ಕೇಳ್ತದೆ.”

“ದಂಡೆ ಮ್ಯಾಲೆ ಮನಿ ಮಾಡಾಣ. ಹಗಲು ಬರಾಣ.”

ಬಂಗಾರಮ್ಮ ಹರಿಗೋಲಿನಲ್ಲಿ ಕೂತು, ಪಕ್ಕಕ್ಕೆ ಸರಿದು ಜಾಗ ಮಾಡಿದಳು.

“ನಡೀರಿ, ಅಣ್ಣನ್ನ ಕೇಳಿ. ಅವ ಬ್ಯಾಡ ಅಂದ್ರೂ ನಾನು ಬರ್ತೀನಿ.”